ಸೌಟಿನ ಮೂರು ಬಡಿತ

ಫೆಬ್ರುವರಿ 3, ಸೋಮವಾರ

ಈ ಪುಸ್ತಕದ ಮೊದಲ ಅರವತ್ತು ಪುಟ ಯೂನಿಯನ್ ಸಭೆಗಳ ನಡಾವಳಿ. ನನ್ನದೇ ಅಕ್ಷರ. ಗಿರಣಿ ಹೋಯಿತು, ಯೂನಿಯನ್ ಹೋಯಿತು, ಪುಸ್ತಕ ಉಳಿಯಿತು. ಮಿಕ್ಕ ಹಾಳೆಗಳನ್ನು ಹುಳಕ್ಕೆ ಕೊಡುವುದೇಕೆ? ಬರೆಯುತ್ತೇನೆ. ನನ್ನ ಭಾಷಣ ಕೇಳಲು ಈಗ ಬೇರೆ ಯಾರೂ ಇಲ್ಲ.

ಹದಿನೇಳು ವರ್ಷ ನೂಲಿನ ಗಿರಣಿಯಲ್ಲಿ ದುಡಿದವಳು ನಾನು. ಅದರಲ್ಲಿ ಹನ್ನೊಂದು ವರ್ಷ ಕಾರ್ಯದರ್ಶಿ. ಗೇಟಿನ ಮುಂದೆ ಮೇಜು ಹಾಕಿಸಿಕೊಂಡು ನಿಂತರೆ ನನಗೆ ಮೈಕು ಬೇಕಿರಲಿಲ್ಲ. ಗಿರಣಿ ಮುಚ್ಚಿದ ಮೇಲೆ ಎಂಟು ಕಾರ್ಖಾನೆಗಳ ಗೇಟು ತಟ್ಟಿದೆ. ಹೆಸರು ಹೇಳಿದೊಡನೆ ಎಲ್ಲ ಕಡೆ ಒಂದೇ ಉತ್ತರ, "ಖಾಲಿ ಇಲ್ಲ." ಹೋರಾಟಗಾರರ ಪಟ್ಟಿ ಮಾಲೀಕರ ಕೈಯಲ್ಲಿ ನಮ್ಮ ಕೈಗಿಂತ ಚೆನ್ನಾಗಿರುತ್ತದೆ.

ಕೊನೆಗೆ ಇವತ್ತು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಅಡುಗೆಯವಳಿಗೆ ಕೈಯಾಳು. ಮುನ್ನೂರು ಜನಕ್ಕೆ ಮಧ್ಯಾಹ್ನದ ಊಟ. ಅಲ್ಲಿನ ಮೇಲ್ವಿಚಾರಕನ ಸೊಂಟದಲ್ಲಿ ಒಂದು ಸೇರಿನಷ್ಟು ತೂಕದ ಕೀಲಿಗೊಂಚಲು. ಎಲ್ಲರೂ ಅವನನ್ನು ಕರೆಯುವುದು ಬೀಗದ ಸಾಹೇಬ ಎಂದೇ.

"ಬಾಯಿ ಜೋರಂತೆ ನಿಂದು?" ಎಂದ.

"ಕೈನೂ ಜೋರೇ ಸ್ವಾಮಿ."

"ಇಲ್ಲಿ ಬಾಯಿಗೆ ಕೆಲ್ಸ ಇಲ್ಲ. ಅಡುಗೆಯವಳಿಗೆ ನಮ್ಮ ಭಾಷೆ ಬರಲ್ಲ, ನಿನಗೆ ಅವಳ ಭಾಷೆ ಬರಲ್ಲ. ಅದಕ್ಕೇ ನಿನ್ನ ತಗೊಂಡಿದ್ದು. ನನಗೂ ನೆಮ್ಮದಿ."

ಭಾಷೆ ಬಾರದ ಕೂಲಿ ಎಂದರೆ ಧಣಿಗಳಿಗೆ ಬೆಲ್ಲ. ಆ ಅಡುಗೆಯವಳು ಎಲ್ಲಿಂದಲೋ ಬಂದು ಒಂದು ವರ್ಷವಾಯಿತಂತೆ. ಐವತ್ತರ ಆಸುಪಾಸು. ಆಳೆತ್ತರದ ಸೌಟು ಹಿಡಿದು ಒಲೆಯ ಮುಂದೆ ನಿಂತರೆ ಕಂಬ ನಿಂತ ಹಾಗೆ. ಅವಳ ಅಡ್ಡಹೆಸರು ದೊಡ್ಡ ಸೌಟು. ನಮ್ಮ ಮಾತಿನಲ್ಲಿ ಅವಳಿಗೆ ಬರುವುದು ಎರಡೇ ಪದ, 'ಆಯ್ತು' ಮತ್ತು 'ಬೇಗ'. ಮಾಲೀಕರು ಕೂಲಿಯವರಿಗೆ ಮೊದಲು ಕಲಿಸುವ ಪದಗಳು ಯಾವಾಗಲೂ ಇವೇ.

ಮನೆಗೆ ಬಂದು ಹೇಳಿದರೆ ಅತ್ತೆ ಹೊಟ್ಟೆ ಹಿಡಿದು ನಕ್ಕರು. "ಒಗ್ಗರಣೆ ಸೀಯಿಸೋಳು ಮುನ್ನೂರು ಜನಕ್ಕೆ ಅಡುಗೆ ಮಾಡ್ತೀಯೇನೇ? ಬಿಡು, ಆ ಕಾರ್ಖಾನೆ ಮುಚ್ಚೋಕೆ ಮುಷ್ಕರ ಬೇಡ."

ಫೆಬ್ರುವರಿ 4, ಮಂಗಳವಾರ

ದೊಡ್ಡ ಸೌಟು ನನಗೆ ಮಾತಿನಲ್ಲಿ ಏನೂ ಹೇಳುವುದಿಲ್ಲ. ಹೇಳಿ ಪ್ರಯೋಜನವಿಲ್ಲ ಎಂದು ಅವಳಿಗೆ ಗೊತ್ತು. ಸೌಟಿನಿಂದ ಕೊಪ್ಪರಿಗೆಯ ಅಂಚಿಗೆ ಬಡಿಯುತ್ತಾಳೆ. ಒಂದು ಬಡಿದರೆ ಉರಿ ತಗ್ಗಿಸಬೇಕು. ಎರಡಕ್ಕೆ ನೀರು ತರಬೇಕು. ಮೂರು ಬಡಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು, ಕೊಪ್ಪರಿಗೆ ಹಿಡಿಯಬೇಕು, ಗಂಜಿ ಬಸಿಯಬೇಕು.

ಇಷ್ಟು ಅರ್ಥವಾಗುವುದಕ್ಕೆ ಅರ್ಧ ದಿನ ಹೋಯಿತು. ಎರಡು ಬಡಿದಾಗ ಉರಿ ಆರಿಸಿದೆ. ಮೂರು ಬಡಿದಾಗ ನೀರು ತಂದೆ. ಪಾತ್ರೆ ತಟ್ಟೆ ತೊಳೆಯುವ ಮುದುಕ, ಎಲ್ಲರೂ ತಟ್ಟೆ ಮಾವ ಎನ್ನುತ್ತಾರೆ, ಮೂಲೆಯಲ್ಲಿ ಕೂತು ನಗುತ್ತಿದ್ದ. "ಹೆದರಬೇಡ ತಾಯಿ, ಹಿಂದಿನೋಳು ಎಂಟು ದಿನ ತಗೊಂಡ್ಲು. ಒಂಬತ್ತನೇ ದಿನ ಓಡಿಹೋದ್ಲು."

ನಾಯಿಗೆ ಸಿಳ್ಳೆ ಹಾಕಿ ಕರೆದ ಹಾಗೆ ಕರೆಸಿಕೊಳ್ಳುವುದು ನನಗೆ ಸೇರುವುದಿಲ್ಲ. ನಾನು ಇಬ್ಬರು ಮಂತ್ರಿಗಳನ್ನು ಎದುರು ನಿಲ್ಲಿಸಿಕೊಂಡು ಮಾತಾಡಿದವಳು.

ಫೆಬ್ರುವರಿ 7, ಶುಕ್ರವಾರ

ಇವತ್ತು ಒಂದು ಸಂಗತಿ ಕಣ್ಣಿಗೆ ಬಿತ್ತು.

ದೊಡ್ಡ ಸೌಟು ಇರುವುದು ಅಡುಗೆಮನೆಯ ಹಿಂದಿನ ಕೋಣೆಯಲ್ಲೇ. ಕೋಣೆ ಎಂದರೆ ಹೆಸರಿಗೆ. ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್ ಇಡುವ ಗೂಡು, ಮೇಲೆ ತಗಡು, ಕಿಟಕಿಯಿಲ್ಲ. ಒಂದು ಮಂಚ, ಒಂದು ಟ್ರಂಕು. ಬೀಗದ ಸಾಹೇಬ ಸಂಜೆ ಮರುದಿನದ ಸಾಮಾನು ತೆಗೆದುಕೊಟ್ಟು ಉಗ್ರಾಣಕ್ಕೆ ಬೀಗ ಹಾಕುತ್ತಾನೆ. ಅಡುಗೆಮನೆಯ ಕೀಲಿಯೂ ಅವನ ಬಳಿಯೇ. ಅಡುಗೆಮನೆಯ ಮೂಲೆಯಲ್ಲಿ ಇಟ್ಟುಹೋಗುವ ಐವತ್ತು ಕಿಲೋ ಆಲೂಗೆಡ್ಡೆ ಮೂಟೆ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಇವಳ ಕೋಣೆಯೊಳಗಿರುತ್ತದೆ. ಇವಳು ಸೆರಗು ಬಿಗಿದು ಅದನ್ನು ಹೊರಗೆ ಎಳೆದು ತರುತ್ತಾಳೆ. ದಿನಾ ಎಳೆದು ಎಳೆದು ನೆಲದ ಮೇಲೆ ಬಂಡಿಜಾಡಿನ ಹಾಗೆ ಗೆರೆ ಬಿದ್ದಿದೆ.

ಅತ್ತೆಗೆ ಹೇಳಿದೆ. "ಕದೀತಾಳೆ ಬಿಡು," ಎಂದರು.

"ಕದಿಯೋಳು ಬೆಳಿಗ್ಗೆ ವಾಪಸ್ ತರ್ತಾಳಾ ಅತ್ತೆ?"

"ಹಾಗಾದ್ರೆ ತಲೆದಿಂಬು ಮಾಡ್ಕೊಂಡು ಮಲಗ್ತಾಳೆ."

ನನಗೆ ಹೊಳೆದದ್ದು ಬೇರೆ. ಇವಳನ್ನು ಹಗಲು ಅಡುಗೆಗೆ ದುಡಿಸುತ್ತಾರೆ, ಕತ್ತಲಾದ ಮೇಲೆ ಸಾಮಾನಿಗೆ ಕಾವಲು ಕೂರಿಸುತ್ತಾರೆ. ಒಂದು ಸಂಬಳಕ್ಕೆ ಎರಡು ಚಾಕರಿ! ಬಂಡವಾಳದ ಬುದ್ಧಿ ಎಲ್ಲಿಗೆ ಹೋದರೂ ಒಂದೇ.

ಫೆಬ್ರುವರಿ 12, ಬುಧವಾರ

ಗಂಜಿ ಕಾಲಿಗೆ ಬಿತ್ತು. ತಪ್ಪು ನನ್ನದೇ, ಕೊಪ್ಪರಿಗೆ ಬಗ್ಗಿಸುವಾಗ ನಾನು ಒಂದು ಕ್ಷಣ ಮೊದಲೇ ಬಗ್ಗಿಸಿದೆ. ಅವಳು ಕೂಗಲಿಲ್ಲ. ಕೊಪ್ಪರಿಗೆಯನ್ನು ಪೂರಾ ತನ್ನ ತೋಳಿಗೆ ತೆಗೆದುಕೊಂಡು ನೆಲಕ್ಕಿಳಿಸಿ, ನನ್ನ ಕಾಲನ್ನು ಎರಡು ಕೈಯಲ್ಲಿ ಹಿಡಿದು ಬಕೆಟ್ಟಿಗೆ ಅದ್ದಿದಳು. ನಾನು ಎಳೆದುಕೊಂಡರೆ ಮತ್ತೆ ಅದ್ದಿದಳು. ಅವಳ ಮುಂಗೈ ನೋಡಿದೆ. ಮೊಣಕೈವರೆಗೂ ಸುಟ್ಟ ಕಲೆಗಳು, ಹಳತರ ಮೇಲೆ ಹೊಸತು.

ಕೊಪ್ಪರಿಗೆಯ ಒಂದು ಹಿಡಿಕೆ ಮುರಿದು ಯಾವ ಕಾಲವಾಯಿತೋ. ಆ ಕಡೆ ಮಸಿಬಟ್ಟೆ ಸುತ್ತಿ ಅಂಚನ್ನೇ ಹಿಡಿಯಬೇಕು. ಅವಳು ಯಾವಾಗಲೂ ಆ ಕಡೆಯೇ ನಿಲ್ಲುತ್ತಾಳೆ. ಅಭ್ಯಾಸವಾಗಿರಬೇಕು.

ಹೊಗೆ ಎಳೆಯುವ ಫ್ಯಾನು ತಿರುಗಿ ಏಳು ತಿಂಗಳಾಯಿತಂತೆ. ವಾರದ ರಜೆ ಇಲ್ಲ. ಕೈಗವಸು ಇಲ್ಲ. ಇಷ್ಟು ದಿನ ಇವರು ಬಾಯಿ ಮುಚ್ಚಿಕೊಂಡು ಹೇಗಿದ್ದರು? ಹೇಳುವವರಿಲ್ಲ, ಅದಕ್ಕೇ.

ಈಗ ನಾನಿದ್ದೇನಲ್ಲ.

ಫೆಬ್ರುವರಿ 16, ಭಾನುವಾರ

ಅರ್ಜಿ ಬರೆದು ಮುಗಿಸಿದೆ. ಎರಡು ವರ್ಷದ ನಂತರ ಲೇಖನಿ ಕೈಯಲ್ಲಿ ಕುದುರೆಯಾಯಿತು. ಅಡುಗೆಯವಳ ಹೆಸರಿನಲ್ಲೇ ಬರೆದಿದ್ದೇನೆ. ನನ್ನ ಹೆಸರು ಕಂಡರೆ ಕಸದ ಬುಟ್ಟಿಗೆ ಹಾಕುತ್ತಾರೆ, ಒಂದು ವರ್ಷ ತುಟಿ ಬಿಚ್ಚದೆ ದುಡಿದವಳ ಹೆಸರಿಗೆ ತೂಕವಿರುತ್ತದೆ. ಇಲ್ಲಿ ನಕಲು ಇಡುತ್ತೇನೆ:

"ಶೋಷಣೆಯ ಸಂಕೋಲೆಯಲ್ಲಿ ನರಳುತ್ತಿರುವ ನಾನು ನನ್ನ ಮೌನವನ್ನು ಮುರಿದು ನಿಮ್ಮ ಮುಂದಿಡುವ ಹಕ್ಕೊತ್ತಾಯಗಳು. ಒಂದು, ಹೊಗೆ ಫ್ಯಾನು ಸರಿಮಾಡಿಸಬೇಕು. ಎರಡು, ಕೊಪ್ಪರಿಗೆಗೆ ಹಿಡಿಕೆ ಹಾಕಿಸಬೇಕು. ಮೂರು, ಕೈಗವಸು ಕೊಡಬೇಕು. ನಾಲ್ಕು, ವಾರಕ್ಕೊಂದು ರಜೆ ಕೊಡಬೇಕು. ಐದು, ಅಡುಗೆಯವಳಾದ ನನ್ನನ್ನು ಪುಕ್ಕಟೆ ಕಾವಲುಗಾರಳನ್ನಾಗಿ ಮಾಡಿಕೊಂಡು, ಮನುಷ್ಯರ ವಾಸಕ್ಕೆ ಯೋಗ್ಯವಲ್ಲದ ಕೋಣೆಯಲ್ಲಿ ಕೂಡಿಹಾಕಿರುವುದು ನಾಗರಿಕ ಸಮಾಜ ತಲೆತಗ್ಗಿಸುವ ಸಂಗತಿ. ಇದು ಕೂಡಲೇ ನಿಲ್ಲಬೇಕು."

ಐದನೆಯದನ್ನು ಅತ್ತೆಗೆ ಗಟ್ಟಿಯಾಗಿ ಓದಿ ತೋರಿಸಿದೆ. ರೋಮಾಂಚನವಾಯಿತು. ನನಗೆ.

"ಅವಳನ್ನ ಕೇಳಿದ್ಯಾ?" ಎಂದರು ಅತ್ತೆ, ಬಟ್ಟೆ ಮಡಿಸುತ್ತಾ.

"ಕೇಳೋಕೆ ಭಾಷೆ ಬೇಕಲ್ಲ ಅತ್ತೆ. ಕಷ್ಟ ಕಣ್ಣಿಗೆ ಕಾಣ್ತಿದೆ, ಕೇಳೋದೇನು?"

ಫೆಬ್ರುವರಿ 17, ಸೋಮವಾರ

ಸಹಿ ಆಯಿತು. ಕಾಗದ ಹಿಡಿದು ಫ್ಯಾನು ತೋರಿಸಿದೆ, ಕೊಪ್ಪರಿಗೆ ತೋರಿಸಿದೆ, ಕೈ ತೋರಿಸಿದೆ. ಅವಳು ತಲೆಯಾಡಿಸಿದಳು. ಹಿಟ್ಟಿನ ಕೈ ಒರೆಸಿಕೊಂಡು "ಆಯ್ತು" ಎಂದಳು. ಅವಳ ಲಿಪಿಯಲ್ಲಿ ಉದ್ದದ ಸಹಿ ಹಾಕಿದಳು. ನಂತರ ನನ್ನ ಬೆನ್ನು ತಟ್ಟಿದಳು.

ತಟ್ಟೆ ಮಾವನೂ ಕೆಳಗೆ ಹೆಬ್ಬೆಟ್ಟು ಒತ್ತಿದ. "ನನಗೇನು ತಾಯಿ, ಒತ್ತು ಅಂದ್ರೆ ಒತ್ತೋನು. ಮದುವೇಲೂ ಹಾಗೇ ಒತ್ತಿದ್ದು."

ಕಾರ್ಖಾನೆಯ ದೊಡ್ಡ ಸಾಹೇಬರ ಮೇಜಿಗೇ ತಲುಪಿಸಿದ್ದೇನೆ. ಬೀಗದವನ ಕೈಗೆ ಕೊಡಲಿಲ್ಲ.

ಫೆಬ್ರುವರಿ 21, ಶುಕ್ರವಾರ

ಈರುಳ್ಳಿ ಹನ್ನೆರಡು ಕಿಲೋ ಹೆಚ್ಚಿದೆ. ಮೊದಲ ದಿನ ನಾಲ್ಕು ಕಿಲೋಗೇ ಸುಸ್ತಾಗಿತ್ತು. ಅವಳು ಹಿಂದೆ ನಿಂತು ನನ್ನ ಕೈಯ ಮೇಲೆ ಕೈಯಿಟ್ಟು ಚಾಕು ಆಡಿಸಿ ತೋರಿಸಿದ್ದೇ ಲೆಕ್ಕ. ಚಾಕುವಿನ ಮೂತಿ ಹಲಗೆಯಿಂದ ಏಳಬಾರದು. ಅಷ್ಟೆ ಗುಟ್ಟು.

ಒಂದು ಬಡಿತಕ್ಕೆ ಈಗ ತಿರುಗಿಯೂ ನೋಡುವುದಿಲ್ಲ, ಕೈ ತಾನೇ ಉರಿ ತಗ್ಗಿಸುತ್ತದೆ.

ಫೆಬ್ರುವರಿ 25, ಮಂಗಳವಾರ

ಉತ್ತರ ಬಂತು. ಟೈಪ್ ಮಾಡಿದ ಅರ್ಧ ಹಾಳೆ. "ನಿಮ್ಮ ಬೇಡಿಕೆ ಒಂದರಿಂದ ನಾಲ್ಕು ಪರಿಶೀಲನೆಯಲ್ಲಿವೆ. ಐದನೆಯ ಬೇಡಿಕೆಯನ್ನು ಸಹಾನುಭೂತಿಯಿಂದ ಪರಿಗಣಿಸಿ ಒಪ್ಪಲಾಗಿದೆ. ಸದರಿ ಕೋಣೆಯು ವಾಸಯೋಗ್ಯವಲ್ಲವಾದ್ದರಿಂದ ಮಾರ್ಚ್ 5ರೊಳಗೆ ತೆರವು ಮಾಡತಕ್ಕದ್ದು."

ನಾಲ್ಕಕ್ಕೆ ದುಡ್ಡು ಖರ್ಚಾಗುತ್ತದೆ, ಮಾಡಲಿಲ್ಲ. ಒಂದಕ್ಕೆ ಬಿಡಿಗಾಸು ಬೇಡ, ಮಾಡಿದರು. ನನ್ನ ಮಾತನ್ನೇ ತೆಗೆದುಕೊಂಡು, ನನ್ನ ಮಾತಿನಿಂದಲೇ ಅವಳ ಮನೆ ಕಿತ್ತರು.

ಬೀಗದ ಸಾಹೇಬ ನಗುತ್ತಾ ಅವಳ ಕೋಣೆಗೆ ಕೈ ತೋರಿಸಿದ, ಟ್ರಂಕಿಗೆ ತೋರಿಸಿದ, ಗೇಟಿಗೆ ತೋರಿಸಿದ. ಐದು ಬೆರಳು ಎತ್ತಿದ. ಅವಳಿಗೆ ಅರ್ಥವಾಗಲಿಲ್ಲ. ಆಗ ಅವನು ಅರ್ಜಿಯನ್ನು ಬಿಚ್ಚಿ ಅವಳ ಸಹಿಯ ಮೇಲೆ ಬೆರಳಿಟ್ಟ. ಅವಳು ತನ್ನ ಸಹಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಆ ನೋಟದ ಬಗ್ಗೆ ಬರೆಯಲಾರೆ.

ಫೆಬ್ರುವರಿ 26, ಬುಧವಾರ

ಇಡೀ ದಿನ ಒಂದೂ ಬಡಿತವಿಲ್ಲ. ಉರಿ ಅವಳೇ ತಗ್ಗಿಸಿದಳು. ನೀರು ಅವಳೇ ಹೊತ್ತಳು. ಗಂಜಿ ಬಸಿಯಲು ತಟ್ಟೆ ಮಾವನನ್ನು ಕೈಹಿಡಿದು ಎಬ್ಬಿಸಿ ಕರೆದೊಯ್ದಳು. ಎಪ್ಪತ್ತರ ಮುದುಕ. ಕೊಪ್ಪರಿಗೆ ಜೊತೆಗೆ ಅವನೂ ನಡುಗಿದ.

ನಾನು ಈರುಳ್ಳಿ ಹೆಚ್ಚಿದೆ.

ಫೆಬ್ರುವರಿ 27, ಗುರುವಾರ

ದೊಡ್ಡ ಸಾಹೇಬರ ಕೋಣೆಗೆ ಹೋದೆ. ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇವೆ ಎಂದೆ.

"ಅರ್ಜಿ ನಿಮ್ಮದಲ್ಲವಲ್ಲ, ಅವಳದ್ದು," ಎಂದರು.

"ಬರೆದವಳು ನಾನು."

"ಅವಳ ಪರವಾಗಿ ತಾನೇ? 'ಮನುಷ್ಯರ ವಾಸಕ್ಕೆ ಯೋಗ್ಯವಲ್ಲ' ಅಂತ ನೀವೇ ಹೇಳಿದ್ದೀರಿ. ಇನ್ನು ಅಲ್ಲಿ ಇಟ್ಟುಕೊಂಡರೆ ನಾವು ಅಪರಾಧಿಗಳಾಗ್ತೀವಿ."

ಎದುರಾಳಿ ನನ್ನ ಕತ್ತಿಯಲ್ಲೇ ನನ್ನನ್ನು ಕಡಿಯುವುದು ಇದೇ ಮೊದಲಲ್ಲ. ಆದರೆ ಹಿಂದೆಲ್ಲ ರಕ್ತ ನನ್ನದಿರುತ್ತಿತ್ತು.

ಮಾರ್ಚ್ 1, ಶನಿವಾರ

ಮೂರು ದಿನದಿಂದ ಅವಳಿಗೆ ಬಾಡಿಗೆ ಕೋಣೆ ಹುಡುಕುತ್ತಿದ್ದೇನೆ. ಏಳು ಮನೆ ಕೇಳಿದೆ. "ಯಾವ ಊರೋಳು? ಏನು ಭಾಷೆ? ಜೊತೆಗೆ ಯಾರಿದ್ದಾರೆ?" ಮೂರಕ್ಕೂ ನನ್ನ ಬಳಿ ಉತ್ತರವಿಲ್ಲ. ಒಂದು ತಿಂಗಳಾಗುತ್ತಾ ಬಂತು, ಅವಳಿಗೆ ಮಕ್ಕಳಿದ್ದಾರೆಯೇ ಎಂದೂ ನನಗೆ ಗೊತ್ತಿಲ್ಲ.

ಅತ್ತೆ ಹೇಳಿದರು, "ಇಲ್ಲಿಗೇ ಕರ್ಕೊಂಡು ಬಾ. ನನ್ನ ಮಗ ವಾರಕ್ಕೊಂದು ದಿನ ಲಾರಿ ಇಳಿದು ಮನೆಗೆ ಬರೋನು. ಆ ದಿನ ಅವನು ಜಗಲಿ ಮೇಲೆ ಬಿದ್ಕೊಳ್ಳಲಿ."

"ಬರ್ತಾಳೋ ಇಲ್ವೋ."

"ಮತ್ತೆ ಕೇಳದೇ ಹೇಳ್ತಿದ್ದೀಯಲ್ಲೇ! ನೀನೊಂದು ಸಲ ಅವಳನ್ನ ಕೇಳಿಬಿಡೇ ಮಾರಾಯ್ತಿ."

ತಟ್ಟೆ ಮಾವ ಒಂದು ದಾರಿ ಹೇಳಿದ. ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊರುವ ಒಬ್ಬನಿದ್ದಾನೆ, ಇವಳ ಕಡೆಯ ಮಾತು ಆಡುತ್ತಾನೆ.

"ಮೊದಲೇ ಹೇಳೋದಲ್ವಾ ಮಾವ?"

"ನೀನು ಕೇಳಿದ್ಯಾ? ನೀನು ಒತ್ತು ಅಂದೆ, ನಾನು ಒತ್ತಿದೆ."

ಮಾರ್ಚ್ 2, ಭಾನುವಾರ

ಅಡುಗೆ ಮುಗಿಸಿ ಸಂಜೆ ಮಾರುಕಟ್ಟೆಗೆ ಹೋದೆ. ಮೂಟೆಯವನು ಸಿಕ್ಕಿದ. ಮೂವತ್ತರ ಆಳು, ಕತ್ತು ಹೆಗಲು ಒಂದಾಗಿದೆ. ಸೋಮವಾರ ಕಾರ್ಖಾನೆಗೆ ಈರುಳ್ಳಿ ಇಳಿಸಲು ಅವನೇ ಬರುವುದಂತೆ, ಗೇಟಿನಲ್ಲಿ ಇಳಿಸಿ ಹೋಗುತ್ತಾನಂತೆ.

"ನಾಳೆ ಒಳಗಿನ ತನಕ ಹೊತ್ಕೊಂಡು ಬಾರಪ್ಪ," ಎಂದೆ.

"ಯಾಕಕ್ಕ?"

"ನನ್ನ ಕೈಲಿ ಎತ್ತೋಕಾಗಲ್ಲ."

ಮೂಟೆಯ ವಿಷಯ ಎಂದುಕೊಂಡ. ಬರುತ್ತೇನೆ ಎಂದ.

ಮಾರ್ಚ್ 3, ಸೋಮವಾರ

ಎಲ್ಲವನ್ನೂ ಬರೆದಿಡಬೇಕು, ನಾಳೆ ಮರೆತರೆ ಕಷ್ಟ.

ಮೂರು ಗಂಟೆಗೆ ಮೂಟೆಯವನು ಒಳಗೆ ಬಂದ. ಊಟದ ಗದ್ದಲ ಮುಗಿದಿತ್ತು. ಬೀಗದ ಸಾಹೇಬ ಆಫೀಸಿನಲ್ಲಿದ್ದ. ಮೂಟೆಯವನು ಅವಳ ಮಾತಿನಲ್ಲಿ ಏನೋ ಅಂದ. ಅವಳು ಕೈಯಲ್ಲಿದ್ದ ತಪ್ಪಲೆ ಕೆಳಗಿಟ್ಟು ಗೋಡೆಗೆ ಒರಗಿದಳು. ಆಮೇಲೆ ಮಾತಾಡಿದಳು ನೋಡಿ! ಒಂದು ವರ್ಷದ ಮಾತು. ಅವನಿಗೆ ಬಾಯಿ ಹಾಕಲು ಜಾಗ ಸಿಗಲಿಲ್ಲ. ಇಷ್ಟು ಮಾತುಗಾರ್ತಿಯನ್ನು ನಾನು ಮೌನದ ಮೂರ್ತಿ ಎಂದು ಅರ್ಜಿಯಲ್ಲಿ ಬರೆದಿದ್ದೆ.

"ತಪ್ಪಾಯ್ತು ಅಂತ ಹೇಳಪ್ಪ," ಎಂದೆ.

ಅವಳು ಏನೋ ಕೇಳಿದಳು.

"ತಪ್ಪು ಆಮೇಲೆ ಅಂತೆ. ಮೊದಲು ಆ ಕಾಗದದಲ್ಲಿ ಏನು ಬರೆದಿದ್ದೆ ಅದನ್ನ ಓದು ಅಂತಿದ್ದಾಳೆ."

ಈ ಪುಸ್ತಕ ಬಿಚ್ಚಿ ನಕಲು ಓದಿದೆ. 'ಶೋಷಣೆಯ ಸಂಕೋಲೆಯಲ್ಲಿ' ಎನ್ನುತ್ತಿದ್ದಂತೆ ಮೂಟೆಯವನು ತಲೆ ಕೆರೆದುಕೊಂಡ. "ಅಕ್ಕಾ, ಇದನ್ನ ಹೇಳೋಕೆ ನನಗೆ ಬರಲ್ಲ. ಬಿಟ್ಟುಬಿಡ್ಲಾ?"

"ಬಿಡು."

"'ನಾಗರಿಕ ಸಮಾಜ' ಅಂದ್ರೆ ಯಾರಕ್ಕ?"

"ಅದನ್ನೂ ಬಿಡು."

ಬಿಡುತ್ತಾ ಬಿಡುತ್ತಾ ಒಂದೂವರೆ ಪುಟ ನಾಲ್ಕು ಸಾಲಾಯಿತು. ಫ್ಯಾನಿಗೆ ಅವಳು ತಲೆಯಾಡಿಸಿದಳು. ಹಿಡಿಕೆಗೆ ಎರಡು ಸಲ ಆಡಿಸಿದಳು. ಆಲೂಗೆಡ್ಡೆಗೆ ಕಾವಲು ಎಂದಾಗ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗು ನಿಂತ ಮೇಲೆ ಮೆಲ್ಲಗೆ ಏನೋ ಹೇಳಿದಳು. ಮೂಟೆಯವನು ನೆಲ ನೋಡಿದ.

"ಏನಂತೆ? ಹೇಳೋ."

"ಮೂಟೆ ಕಾವಲಿಗಲ್ಲವಂತೆ ಅಕ್ಕ. ಬಾಗಿಲಿಗಂತೆ. ಆ ಕೋಣೆಗೆ ಒಳಗಡೆ ಚಿಲಕ ಇಲ್ಲವಂತೆ."

ತಟ್ಟೆ ಮಾವ ತಿಕ್ಕುತ್ತಿದ್ದ ಕೈ ನಿಲ್ಲಿಸಿದ.

"ಯಾರಾದ್ರೂ ಬಂದಿದ್ರಾ?" ಎಂದೆ.

ಅವಳು ಎರಡು ಬೆರಳು ತೋರಿಸಿದಳು. ನಂತರ ಸೊಂಟದ ಹತ್ತಿರ ಕೈಯಾಡಿಸಿ, ಕೀಲಿಗೊಂಚಲು ಅಲುಗಿಸಿದ ಹಾಗೆ ಮಾಡಿದಳು. ಅದಕ್ಕೆ ಮೂಟೆಯವನು ಬೇಕಾಗಲಿಲ್ಲ.

"ಎರಡು ಸಲ ಬಾಗಿಲು ತಳ್ಳಿದನಂತೆ. ಮೂಟೆ ಜರುಗಲಿಲ್ಲವಂತೆ."

ಒಂದು ತಿಂಗಳು ಆ ಗೆರೆಯನ್ನು ದಾಟಿ ಓಡಾಡಿದ್ದೇನೆ. ಅದರ ಮೇಲೆ ನಿಂತು ಈರುಳ್ಳಿ ಹೆಚ್ಚಿದ್ದೇನೆ.

ಅವನನ್ನು ಬೀದಿಗೆಳೆಯುತ್ತೇನೆ, ಠಾಣೆಗೆ ಹೋಗೋಣ, ಹಳೆಯ ಗೆಳತಿಯರನ್ನೆಲ್ಲ ಗೇಟಿಗೆ ಕರೆಸುತ್ತೇನೆ, ನಮ್ಮ ಮನೆಗೆ ಬಂದುಬಿಡು ಎಂದೆಲ್ಲ ಹೇಳುತ್ತಾ ಹೋದೆ. ಮೂಟೆಯವನು ಹೇಳುತ್ತಾ ಹೋದ. ಅವಳು ಸೌಟು ತೆಗೆದು ಖಾಲಿ ಕೊಪ್ಪರಿಗೆಯ ಅಂಚಿಗೆ ಬಡಿದಳು. ಒಂದೇ ಸಲ.

ನನ್ನ ಉರಿ ತಗ್ಗಿಸಿದೆ. ನಂತರ ಕೇಳಿದೆ, "ನಿಮಗೆ ಏನು ಬೇಕು?"

ಅವಳು ಬೆರಳು ಮಡಿಸುತ್ತಾ ಹೇಳಿದಳು. ಇಲ್ಲಿಗೆ ಬರುವ ಮುಂಚೆ ಮೂರು ತಿಂಗಳು ಮನೆ ಹುಡುಕಿದ್ದಾಳೆ, ಯಾರೂ ಕೊಟ್ಟಿಲ್ಲ. ಇನ್ನೊಬ್ಬರ ಮನೆಯಲ್ಲಿ ಹಂಗಿಗೆ ಇರುವುದಿಲ್ಲ. ಈ ಕೋಣೆ ಬೇಕು. ಒಳಗಡೆಯಿಂದ ಕಬ್ಬಿಣದ ಚಿಲಕ ಬೇಕು. ಅಡುಗೆಮನೆಯ ಕೀಲಿ ಅವನ ಬಳಿ ಇರಬಾರದು. ಕೊಪ್ಪರಿಗೆಗೆ ಹಿಡಿಕೆ ಬೇಕು. ಅವನು ಮಾಡಿದ್ದು ಕಾಗದದಲ್ಲಿರಬೇಕು. ಠಾಣೆಯ ವಿಷಯ ಆಮೇಲೆ ತಾನೇ ಹೇಳುತ್ತಾಳೆ.

ಅಷ್ಟನ್ನೇ ಬರೆದೆ. ಮೂಟೆಯವನು ಎರಡು ಸಲ ಅವಳಿಗೆ ಒಪ್ಪಿಸಿದ. ಎರಡನೇ ಸಲ ಒಂದು ಕಡೆ ತಡೆದಳು. ನಾನು 'ಪೀಡಿಸಿದ್ದಾನೆ' ಎಂದು ಬರೆದಿದ್ದೆ. ಅವಳು 'ಎರಡು ಸಲ ಬಾಗಿಲು ತಳ್ಳಿದ್ದಾನೆ' ಎಂದೇ ಬರೆಸಿದಳು. ಆಮೇಲೆ ಸಹಿ ಹಾಕಿದಳು. ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ಮಡಿಸಿ ತನ್ನ ಕುಪ್ಪಸದೊಳಗೆ ಇಟ್ಟುಕೊಂಡಳು.

ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳಿಗೆ ಮದುವೆಯಾಗಿದೆ.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಏಳಕ್ಕೆ ಹೋದರೆ ಒಲೆ ತಣ್ಣಗಿತ್ತು. ಅವಳು ಕೊಪ್ಪರಿಗೆಯನ್ನು ಕೋಣೆಯ ಬಾಗಿಲ ಮುಂದೆ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ತೊಡೆಯ ಮೇಲೆ ಸೌಟು. ಯಾರೂ ಹೇಳಿಕೊಟ್ಟದ್ದಲ್ಲ. ನನಗೂ ಗೊತ್ತಿರಲಿಲ್ಲ.

ಬೀಗದ ಸಾಹೇಬ ಬಂದ. "ಒಲೆ ಹಚ್ಚು," ಎಂದ. "ಬೇಗ!"

"ಇಲ್ಲ," ಎಂದಳು.

ನಮ್ಮ ಮಾತಿನಲ್ಲಿ ಅವಳ ಮೂರನೆಯ ಪದ. ಕಲಿಸಿದ್ದು ಯಾರೆಂದು ತಟ್ಟೆ ಮಾವನ ಮುಖ ನೋಡಿದೆ. ಅವನು ಪಾತ್ರೆ ತಿಕ್ಕುವ ಬೂದಿ ಹುಡುಕುವವನ ಹಾಗೆ ಆ ಕಡೆ ತಿರುಗಿಕೊಂಡ.

ಮಧ್ಯಾಹ್ನ ಒಂದು ಗಂಟೆಗೆ ಮುನ್ನೂರು ಜನ ತಟ್ಟೆ ಹಿಡಿದು ಸಾಲು ನಿಂತರು. ಅನ್ನವಿಲ್ಲ. ಕೂಗಾಟ ಶುರುವಾಯಿತು. ದೊಡ್ಡ ಸಾಹೇಬರು ಇಳಿದು ಬಂದರು. ಬಾಗಿಲ ತುಂಬ ತಲೆಗಳು, ಅವುಗಳ ಹಿಂದೆ ಇನ್ನಷ್ಟು ತಲೆಗಳು. ಎಷ್ಟು ವರ್ಷವಾಗಿತ್ತು ಇಷ್ಟು ಜನರನ್ನು ಎದುರು ಕಂಡು! ಎದೆ ಉಬ್ಬಿತು. ಒಂದು ಹೆಜ್ಜೆ ಮುಂದಿಟ್ಟು, "ಬಂಧುಗಳೇ," ಎಂದೆ.

ಟಣ್. ಒಂದು ಬಡಿತ.

ಅವಳು ಕುಪ್ಪಸದಿಂದ ಕಾಗದ ತೆಗೆದು ನನಗೆ ಕೊಟ್ಟಳು. ಇದ್ದಷ್ಟನ್ನು ಓದಿದೆ. ಐದು ಸಾಲು. ಕೊನೆಯ ಸಾಲಿಗೆ ಮುನ್ನೂರು ಜನರ ಕಣ್ಣು ಒಂದು ಸೊಂಟದ ಕಡೆ ಹೊರಳಿದವು. ಬೀಗದ ಸಾಹೇಬ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ, ಸದ್ದಾಗದ ಹಾಗೆ.

"ಸುಳ್ಳು ಸಾರ್!" ಎಂದ. "ಇದೆಲ್ಲ ಈ ಭಾಷಣದೋಳ ಕೈವಾಡ. ಅವಳಿಗೇನು ಗೊತ್ತು?"

ದೊಡ್ಡ ಸಾಹೇಬರು ಹಳೆಯ ಅರ್ಜಿ ತರಿಸಿದರು. "ಇದೂ ಅವಳದ್ದೇ ಅಂದಿರಿ. ಇದರಲ್ಲಿ ಕೋಣೆ ಬೇಡ ಅಂತಿದೆ. ಅದರಲ್ಲಿ ಬೇಕು ಅಂತಿದೆ. ಯಾವುದು ಅವಳ ಮಾತು?"

ಸಭೆಯಲ್ಲಿ ತಪ್ಪು ಒಪ್ಪಿಕೊಳ್ಳಬಾರದು, ಎದುರಾಳಿಗೆ ಏಣಿ ಕೊಟ್ಟ ಹಾಗೆ ಎಂದು ನಾನೇ ಎಷ್ಟೋ ಹುಡುಗಿಯರಿಗೆ ಪಾಠ ಹೇಳಿದ್ದೇನೆ.

"ಮೊದಲಿನದು ನನ್ನ ಮಾತು," ಎಂದೆ. "ಅದರಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಓದೋಕೆ ಬರದವರ ಸಹಿ ಹಾಕಿಸಿಕೊಂಡೆ. ನೀವು ನಮ್ಮ ಕೈಲಿ ಹಾಕಿಸಿಕೊಳ್ಳೋ ಹಾಗೇ."

ಯಾರೋ ಹಿಂದಿನಿಂದ ನಕ್ಕರು. ಯಾರೋ "ಶಭಾಷ್ ಲೀಡರಮ್ಮ" ಎಂದು ಹೀಯಾಳಿಸಿದರು.

"ಹಾಗಾದ್ರೆ ಎರಡನೆಯದನ್ನ ನಾನು ಯಾಕೆ ನಂಬಲಿ?" ಎಂದರು ದೊಡ್ಡ ಸಾಹೇಬರು.

ಅವಳು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಮಾತು ತಿಳಿಯದಿದ್ದರೂ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಿತು ಎಂದು ಕಾಣುತ್ತದೆ. ಎದ್ದಳು. ಮೂಲೆಯ ಆಲೂಗೆಡ್ಡೆ ಮೂಟೆಯ ಕಿವಿ ಹಿಡಿದು ಎಳೆದಳು. ಮೂಟೆ ಆ ಹಳೆಯ ಗೆರೆಯ ಮೇಲೆ, ಒಂದಿಂಚು ಅತ್ತಿತ್ತ ಆಗದೆ ಜಾರುತ್ತಾ ಕೋಣೆಯೊಳಗೆ ಹೋಯಿತು. ಬಾಗಿಲು ಮುಚ್ಚಿತು. ಒಳಗೆ ಧೊಪ್ಪೆಂದಿತು.

ಆಮೇಲೆ ಒಳಗಿನಿಂದ ಬಾಗಿಲ ಮೇಲೆ ಮೂರು ಬಡಿತ.

"ಏನದು?" ಎಂದರು ದೊಡ್ಡ ಸಾಹೇಬರು.

"ಬನ್ನಿ ಅಂತ ಸಾರ್. ಬಂದು ಕೈಹಾಕಿ ಅಂತ."

ಅವರು ಬಾಗಿಲು ತಳ್ಳಿದರು. ಜರುಗಲಿಲ್ಲ. ಹೆಗಲು ಕೊಟ್ಟು ತಳ್ಳಿದರು. ಎರಡು ಬೆರಳು ಸಂದಿ ಬಿಟ್ಟಿತು, ಅಷ್ಟೆ. ಆ ಸಂದಿಯಿಂದ ಅವರು ಒಳಗೆ ನೋಡಿದರು, ಬಾಗಿಲಿನ ಒಳಮೈ ನೋಡಿದರು, ನೆಲದ ಗೆರೆ ನೋಡಿದರು. ಒಂದು ವರ್ಷದ ಗೆರೆ, ಒಂದು ದಿನದಲ್ಲಿ ಯಾರೂ ಕೊರೆಯಲಾರರು.

ಮುನ್ನೂರು ಜನ ಹಸಿದು ನಿಂತಿದ್ದರು. ಒಬ್ಬನೂ ತಟ್ಟೆ ಬಡಿಯಲಿಲ್ಲ.

ದೊಡ್ಡ ಸಾಹೇಬರು ತಿರುಗದೆ ಕೈ ಹಿಂದಕ್ಕೆ ಚಾಚಿದರು. "ಕೀಲಿ ಕೊಡಿ," ಎಂದರು.

ಒಲೆ ಹಚ್ಚುವಾಗ ಎರಡು ಗಂಟೆ ದಾಟಿತ್ತು. ಊಟವಾದದ್ದು ನಾಲ್ಕಕ್ಕೆ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಆದರೂ ತಟ್ಟೆಗಳು ಖಾಲಿಯಾಗಿ ಬಂದವು.

ಮಾರ್ಚ್ 7, ಶುಕ್ರವಾರ

ಬಡಗಿ ಬಂದ. ಎರಡು ಚಿಲಕ ತಂದಿದ್ದ, ಹಿತ್ತಾಳೆಯದು ಒಂದು, ಕಬ್ಬಿಣದ್ದು ಒಂದು. ಹಿತ್ತಾಳೆಯದು ಹೊಳೆಯುತ್ತಿತ್ತು. ಅದನ್ನು ಹಾಕಪ್ಪ ಎನ್ನಲು ಬಾಯಿ ತೆರೆದವಳು ಅವಳ ಕಡೆ ನೋಡಿದೆ. ಅವಳು ಕಬ್ಬಿಣದ್ದನ್ನು ಕೈಯಲ್ಲಿ ತೂಗಿ ಕೊಟ್ಟಳು. ನಾನು ಮೊಳೆ ಹಿಡಿದುಕೊಂಡು ನಿಂತೆ.

ಹಾಕಿ ಮುಗಿದ ಮೇಲೆ ಅವಳು ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿದಳು. ಒಳಗಿನಿಂದ ಖಟ್ ಎಂದಿತು. ತೆಗೆದಳು. ಮತ್ತೆ ಖಟ್. ಏಳೆಂಟು ಸಲ.

"ಮುರಿದು ಹಾಕ್ತಾಳೆ ಇವ್ಳು," ಎಂದ ಬಡಗಿ.

"ಹಾಕ್ಲಿ ಬಿಡಯ್ಯ," ಎಂದ ತಟ್ಟೆ ಮಾವ.

ಬೀಗದವನನ್ನು ಕೆಲಸದಿಂದ ತೆಗೆದಿಲ್ಲ, ಗೋದಾಮಿಗೆ ಹಾಕಿದ್ದಾರೆ. ಇದು ಸಾಲದು. ಠಾಣೆಯ ವಿಷಯ ಸೋಮವಾರ ಮೂಟೆಯವನು ಬಂದಾಗ ಅಕ್ಕನನ್ನು ಕೇಳಬೇಕು. ಅಡುಗೆಯವಳನ್ನು ಈಗ ಅಕ್ಕ ಎಂದೇ ಕರೆಯುತ್ತೇನೆ.

ಮಾರ್ಚ್ 10, ಸೋಮವಾರ

ಈರುಳ್ಳಿ ಹದಿನಾಲ್ಕು ಕಿಲೋ. ಫ್ಯಾನು ತಿರುಗುತ್ತಿಲ್ಲ. ಕೈಗವಸು ಬಂದಿಲ್ಲ. ಕೊಪ್ಪರಿಗೆಗೆ ಹಿಡಿಕೆಯೂ ಆಗಿಲ್ಲ, ಬೆಸುಗೆಯವನು ಗುರುವಾರ ಬರುತ್ತಾನಂತೆ. ಆಲೂಗೆಡ್ಡೆ ಮೂಟೆ ಬೆಳಿಗ್ಗೆ ಮೂಲೆಯಲ್ಲೇ ಇತ್ತು.

ಅಕ್ಕ ಠಾಣೆಗೆ ಹೋಗುತ್ತಾಳಂತೆ. ಮೂಟೆಯವನೂ ಜೊತೆಗಿರಬೇಕಂತೆ. ಕಾಗದ ಅಲ್ಲೇ, ಅವಳು ಹೇಳಿದ ಹಾಗೆ ಬರೆಯಬೇಕಂತೆ. ನಾಳಿದ್ದು.

ಹನ್ನೊಂದೂವರೆಗೆ ಮೂರು ಬಡಿತವಾಯಿತು. ಚಾಕು ಬಿಟ್ಟು ಓಡಿದೆ. ಮಸಿಬಟ್ಟೆ ನನ್ನ ಹೆಗಲ ಮೇಲಿತ್ತು. ಮುರಿದ ಹಿಡಿಕೆಯ ಕಡೆ ನಾನು ನಿಂತೆ. ಅವಳು ಆ ಕಡೆ ಹೋಗು ಎಂದು ಗಲ್ಲದಿಂದ ಸನ್ನೆ ಮಾಡಿದಳು. ನಾನು ಹೋಗಲಿಲ್ಲ. ಅವಳೇ ಆಚೆ ಬದಿಗೆ ಹೋಗಿ ಹಿಡಿದಳು.

ಒಂದೂ ಹನಿ ಚೆಲ್ಲಲಿಲ್ಲ.